ಡಬ್ಬಿಯನ್ನು ನಂಬದ ಕಾಕಾ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಇಡೀ ನೌಕರಿಯನ್ನು ಭೂತಗನ್ನಡಿಗೆ ಒಂದೇ ಕಣ್ಣಿಟ್ಟು ಕಳೆದದ್ದರ ಫಲ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ, ಹೊರಗಿನಿಂದ ಬಂದ ಸಾಮಾನನ್ನು ಪರೀಕ್ಷಿಸಿ ಒಳಗೆ ಬಿಡುವ ವಿಭಾಗದಲ್ಲಿದ್ದರು. ನಿವೃತ್ತರಾಗಿ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೇಲೂ ಆ ಕಣ್ಣು ಪೂರ್ತಿ ತೆರೆಯಲಿಲ್ಲ. ನಾವು ನಮಸ್ಕಾರ ಅಂದರೆ, ಮೊದಲು ಆ ಅರ್ಧಗಣ್ಣಿನಿಂದ ಮೇಲಿಂದ ಕೆಳಗೆ ನೋಡಿ, ಆಮೇಲೆ ತಾವು ನಮಸ್ಕಾರ ಅನ್ನುತ್ತಿದ್ದರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಅವರದು ಬೀದರ, ನಮ್ಮದು ಕಲಬುರಗಿ. ಪರವೂರಲ್ಲಿ ಅಷ್ಟು ಸಾಕು. ಅವರೂ ಅವರ ಹೆಂಡತಿ, ನಮ್ಮ ಕಾಕಿಯೂ, ನಮ್ಮ ಮೇಲಿನ ಮನೆಯಲ್ಲೇ ಇದ್ದರು.

ಅವರ ಬಾಗಿಲಿನ ಹೊರಗೆ ಒಂದು ಪ್ಲಾಸ್ಟಿಕ್ ಸ್ಟೂಲು. ಬಂದ ಪಾರ್ಸೆಲ್ಲೆಲ್ಲ ಮೊದಲು ಅದರ ಮೇಲೆ ಕೂರಬೇಕು. ಕಾರ್ಖಾನೆಯಲ್ಲಿ ಪಾಸೂ ಆಗದ, ಫೇಲೂ ಆಗದ ಸಾಮಾನಿಗೆ ಕೆಂಪು ಚೀಟಿ ಕಟ್ಟಿ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಿದ್ದರಂತೆ. ಇಲ್ಲಿ ಕೋಣೆಯ ಬದಲು ಸ್ಟೂಲು. ಡೆಲಿವರಿಯವನು ಬೆವರೊರೆಸಿಕೊಳ್ಳುತ್ತ "ಸಾರ್, ಓಟಿಪಿ ಚೆಪ್ಪಂಡಿ ಸಾರ್" ಎಂದು ಓಟಿಪಿ ಕೇಳಿದರೆ ಕಾಕಾ ಮೊಬೈಲನ್ನು ಎದೆಗೆ ಅವಚಿಕೊಂಡು, "ಪೆಹಲೇ ಖೋಲೋ ಮಿಯಾಂ, ಬಾದ್ ಮೇ ಓಟಿಪಿ" ಎಂದು ಮೊದಲು ಡಬ್ಬಿ ಬಿಚ್ಚಿಸುವರು. ಡಬ್ಬಿ ಒಡೆಯುವುದನ್ನು ವಿಡಿಯೋ ಮಾಡಬೇಕು, ಡಬ್ಬಿಯ ಮೇಲಿನ ಕ್ಯೂಆರ್ ಕೋಡಿಗೆ ಕ್ಯಾಮೆರಾ ಹಿಡಿಯಬೇಕು, ಕಂಪನಿಯ ಹೆಸರು ತೆರೆಯ ಮೇಲೆ ಬರಬೇಕು. ಅಲ್ಲಿಯವರೆಗೆ ಲಿಫ್ಟಿನ ಬಾಗಿಲು ಹಿಡಿದುಕೊಂಡು ನಿಂತವನ ಗೋಳು ಆ ಶಿವನಿಗೇ ಪ್ರೀತಿ.

ಒಮ್ಮೆ ಬೀದರದಿಂದ ಅವರ ಸ್ವಂತ ತಂಗಿ ಬಸ್ಸಿನಲ್ಲಿ ಮಾವಿನ ಉಪ್ಪಿನಕಾಯಿ ಕಳಿಸಿದ್ದಳು. ದಾರಿಯಲ್ಲಿ ಎಣ್ಣೆ ಸೋರಿ, ಕಂಡಕ್ಟರನು ಬರಣಿಯ ಬಾಯಿಗೆ ಬೇರೆ ಬಟ್ಟೆ ಕಟ್ಟಿದ್ದ. ಕಾಕಾ ಫೋನಿನಲ್ಲಿ ತಂಗಿಯನ್ನು ಕೇಳಿದರು, "ನೀ ಯಾವ ಬಣ್ಣದ ಅರಿವಿ ಕಟ್ಟಿದ್ದಿ?" ಅವಳು ಬಿಳಿ ಅಂದಳು. ಇಲ್ಲಿದ್ದದ್ದು ಹಳದಿ. ಮುಗೀತು, ಬರಣಿ ಅದೇ ಬಸ್ಸಿಗೆ ವಾಪಸ್! ಆಕೆ ಒಂದು ವರ್ಷ ಅಣ್ಣನ ಜೊತೆ ಮಾತು ಬಿಟ್ಟಳು. ನಾವು ಕೆಳಗಿನ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಯಾರರ ನಿಮಗ ದೊಡ್ಡ ಮೋಸ ಮಾಡ್ಯಾರೇನ್ರಿ ಕಾಕಾ?" ಎಂದು ನಾನೇ ಕೇಳಿದ್ದೆ.

"ಇಲ್ಲ ತಂಗಿ, ಒಬ್ಬರೂ ಮಾಡಿಲ್ಲ. ಸಂಶೇ ಇಟ್ಕೊಂಡಿದ್ದಕ್ಕ ಮಾಡಿಲ್ಲ."

ಇಂಥವರ ಜೊತೆ ಏನು ವಾದ ಮಾಡುತ್ತೀರಿ? ನಿಜ ಹೇಳುತ್ತೇನೆ, ಅವರು ಮೆಟ್ಟಿಲಿಳಿದು ಬರುವ ಸದ್ದಾದರೆ ನನಗೆ ತಲೆಬಿಸಿ. ನಮ್ಮ ಹಾಲಿನ ಪಾಕೀಟು, ನಮ್ಮ ಸೋಪು, ನಮ್ಮ ಗ್ಯಾಸಿನ ಪೈಪು, ಯಾವುದನ್ನೂ ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ಆ ಹಾಲು ಕಾಯಿಸುವಾಗ ನಾನೂ ಒಮ್ಮೆ ಮೂಸಿ ನೋಡುತ್ತಿದ್ದೆ. ಅದೇ ಇನ್ನೂ ಸಿಟ್ಟು ತರಿಸುತ್ತಿತ್ತು. ಸಂಶಯ ನೆಗಡಿಯಂತೆ ಅಂಟಿಕೊಳ್ಳುತ್ತದೆ.

ಈಗ ಅವ್ವನ ಸಂಗತಿ ಹೇಳಬೇಕು. ಅವ್ವನ ಹೃದಯದಲ್ಲಿ ಲೋಹದ ಕವಾಟ ಕೂರಿಸಿದ್ದಾರೆ. ರಕ್ತ ತೆಳುವಾಗಿರಲೆಂದು ಆಕೆ ದಿನವೂ ಒಂದು ಗುಳಿಗೆ ನುಂಗಬೇಕು. ತಪ್ಪಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ. ಆ ಗುಳಿಗೆಯನ್ನು ಕಳಿಸುತ್ತಿದ್ದವನು ನನ್ನ ಸೋದರಮಾವನ ಮಗ. ಸುಲ್ತಾನ್ ಬಜಾರಿನ ಹತ್ತಿರ ಅವನದು ಔಷಧದ ಏಜೆನ್ಸಿ. ಅತ್ತೆ ಅಂದರೆ ಅವನಿಗೆ ಜೀವ, ಅಣ್ಣನ ಮಗ ಅಂದರೆ ಅವ್ವನಿಗೂ ಜೀವ. ಅವನು ಹೊಸದಾಗಿ ಆ್ಯಪ್ ಮಾಡಿಸಿದ್ದ. ಡಬ್ಬಿಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಹಸಿರು ಗುರುತು ಬಂದು "ಅಸಲಿ" ಎಂದು ತೋರಿಸುತ್ತಿತ್ತು. ಓಟಿಪಿ ಹೇಳಿದರೆ ಮಾತ್ರ ಡಬ್ಬಿ ಕೈಗೆ. "ನಕಲಿ ಮಾಲು ನಮ್ಮ ಹತ್ರ ಸುಳಿಯೂದ ಇಲ್ಲ ಅತ್ತಿ" ಎಂದು ಎದೆ ತಟ್ಟಿ ಹೇಳಿದ್ದ. ಕಾಕಾ ಕೂಡ ಆ ಆ್ಯಪನ್ನು ಮೆಚ್ಚಿದ್ದರು. ಅವರ ಮೆಚ್ಚುಗೆ ಅಂದರೆ, ಏನೂ ಮಾತಾಡದೆ ಇರುವುದು.

ಒಂದು ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಕಾಕಾ ಪೇಪರು ಕೇಳಲು ಬಂದವರು ಪೇಪರು ತೆಗೆದುಕೊಳ್ಳದೆ ಅವ್ವನ ತೋಳನ್ನೇ ನೋಡುತ್ತ ನಿಂತರು.

"ಅಕ್ಕಾರ, ನಿಮ್ಮ ಕೈಮ್ಯಾಲಿನ ನೀಲಿ ಕಲೆ ಎಲ್ಲಿ ಹೋದವು?"

ಆ ಗುಳಿಗೆ ನುಂಗುವವರಿಗೆ ಸ್ವಲ್ಪ ಬಾಗಿಲು ತಾಗಿದರೂ ಚರ್ಮ ನೀಲಿಗಟ್ಟುತ್ತದೆ. ಅವ್ವ ಮನೆಗೆ ಬಂದವರಿಗೆಲ್ಲ ತೋಳು ತೋರಿಸಿ ಗೋಳಾಡುತ್ತಿದ್ದಳು. ಕಾಕಾನೂ ಬೇಕಾದಷ್ಟು ಸಲ ಕೇಳಿದ್ದರು.

"ಎಲ್ಲಾ ಹೋಗ್ಯಾವ್ರಿ ಅಣ್ಣಾರ" ಅವ್ವನ ಮುಖ ಅರಳಿತು. "ಶಿವ ಕಣ್ಣ ತೆರದಾನ. ಈಗ ಮೈಯಾಗ ಭಾಳ ಆರಾಮ ಐತಿ. ತಿಂಗಳಿಗೊಮ್ಮಿ ಮಾಡಸೂ ರಕ್ತದ ಟೆಸ್ಟೂ ಬ್ಯಾಡಂತ ಬಿಟ್ಟೀನಿ."

ನಮಗೆಲ್ಲ ಸಂತೋಷ ಕೊಟ್ಟ ಸುದ್ದಿ ಅದು. ಕಾಕಾನ ಮುಖ ಮಾತ್ರ ಗಂಟಾಯಿತು. ಗುಳಿಗೆಯ ಡಬ್ಬಿ ಕೇಳಿದರು. ಸ್ಕ್ಯಾನ್ ಮಾಡಿದರು. ಹಸಿರು ಗುರುತು ಬಂತು. ನಾನು ಇನ್ನೇನು ಉಸ್ಸೆನ್ನಬೇಕು, ಅವರ ಕಣ್ಣು ಬತ್ತಿಗಳ ಮೇಲೆ ಬಿತ್ತು. ಅವ್ವ ಖಾಲಿ ಡಬ್ಬಿಗಳನ್ನು ಎಸೆಯುವವಳಲ್ಲ, ಅವುಗಳಲ್ಲೇ ಬತ್ತಿ ತುಂಬಿಡುತ್ತಾಳೆ. ಕಾಕಾ ಒಂದೊಂದೇ ಡಬ್ಬಿಗೆ ಮೊಬೈಲು ಹಿಡಿದರು. ಎಲ್ಲಕ್ಕೂ ಹಸಿರು ಗುರುತು, ಎಲ್ಲಕ್ಕೂ ಅದೇ ಕಂಪನಿ, ಕೆಳಗೆ ಎಲ್ಲಕ್ಕೂ ಒಂದೇ ನಂಬರು.

"ಒಂದು ಡಬ್ಬಿ ನಂಬರ್ ಇನ್ನೊಂದಕ್ಕ ಇರಬಾರದು. ಇಬ್ಬರು ಮನುಷ್ಯಾರಿಗೆ ಒಂದ ಹೆಬ್ಬಟ್ಟಿನ ಗುರುತು ಇರ್ತೈತೇನು ತಂಗಿ? ಕೋಡ್ ಖರೇ ಐತಿ. ಗುಳಿಗಿ ಖರೇ ಐತೇನು?"

 ನನಗೆ ಮೊದಲು ಸಿಟ್ಟು ಬಂದದ್ದು ಅವರ ಮೇಲೆಯೇ. ಇನ್ನು ನಮ್ಮ ಬಳಗವನ್ನೂ ಸ್ಟೂಲಿನ ಮೇಲೆ ಕೂರಿಸಲು ಹೊರಟರಲ್ಲ ಅಂತ. ಮಾವನ ಮಗನಿಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅವನೇ ಬಂದ. ಬರುವಾಗ ಅತ್ತೆಗೆಂದು ಮಲ್ಲಿಗೆ ದಂಡೆ ತಂದಿದ್ದ. ಅವನ ಕೈಯಲ್ಲಿ ಆ ಹೂವು ನೋಡಿ ನನಗೆ ನಾಚಿಕೆಯಾಯಿತು. ಮರುಕ್ಷಣವೇ, ಹೂವು ಯಾಕೆ ತಂದ, ಯಾವತ್ತೂ ತರದವನು, ಅಂತಲೂ ಅನಿಸಿತು. ನೋಡಿ, ನನ್ನ ಮನಸ್ಸೂ ಎಲ್ಲಿಗೆ ಬಂದಿತ್ತು!

"ಅದು ಡಬ್ಬಿ ನಂಬರ್ ಅಲ್ಲರಿ ಕಾಕಾ, ಬ್ಯಾಚ್ ನಂಬರ್. ಒಂದು ಬ್ಯಾಚಿನ ಮಾಲಿಗೆಲ್ಲ ಒಂದ ಇರ್ತೈತಿ" ಅಂದ ಅವನು. ಕೇಳಿದರೆ ಆ ಮಾತು ಸರಿಯೇ ಅನಿಸುತ್ತಿತ್ತು.

"ಇರಬಹುದಪಾ. ಆದ್ರ ಕಲೆ ಯಾಕ ಹೋದವು?"

"ಕಲೆ ಹೋದ್ರೂ ನನ್ನ ಮ್ಯಾಲ ಅನುಮಾನ ಏನ್ರಿ?"

ಅವ್ವ ಬತ್ತಿಯ ತಟ್ಟೆಯನ್ನು ದಡ್ಡೆಂದು ಕೆಳಗಿಟ್ಟಳು. "ಅಣ್ಣಾರ, ಸಾಕು ಮಾಡ್ರಿ. ನನ್ನ ಅಣ್ಣನ ಮಗ ನನಗ ವಿಷಾ ಕೊಡ್ತಾನೇನ್ರಿ?"

"ಅವ ಕೊಡೂದಿಲ್ಲ ಅಕ್ಕಾರ. ಅವನ ಕೈಯಾಗ ಯಾರ ಕೊಟ್ಟಾರ, ಅದು ನನಗ ಬೇಕಾಗೇತಿ. ಮನುಷ್ಯಾನ್ನ ನಾ ನಂಬತೀನ್ರಿ. ಡಬ್ಬಿ ನಂಬೂದಿಲ್ಲ."

ಮಾವನ ಮಗ ಎದ್ದು ನಿಂತ. ಅವನ ಕಿವಿಗಳು ಕೆಂಪಾಗಿದ್ದವು. "ಅತ್ತಿ, ಏಳು. ಈಗಿಂದೀಗ ರಕ್ತದ ಟೆಸ್ಟ್ ಮಾಡಿಸೂಣು. ರಿಪೋರ್ಟ್ ಇವರ ಮುಖದ ಮುಂದ ಹಿಡೀತೀನಿ. ಆಮ್ಯಾಲ ಇವರು ಇರೂ ಬಿಲ್ಡಿಂಗಿನ್ಯಾಗ ನಾ ಕಾಲಿಡೂದಿಲ್ಲ." ಅವ್ವನ ಚಪ್ಪಲಿ ತಾನೇ ತಂದು ಕಾಲಬುಡದಲ್ಲಿಟ್ಟ. ಕಾಕಾ ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಸಂಜೆ ರಿಪೋರ್ಟು ಅವನ ಮೊಬೈಲಿಗೆ ಬಂತು.  ಅವ್ವನ ರಕ್ತ ಒಂದಿಷ್ಟೂ ತೆಳುವಾಗಿರಲಿಲ್ಲ, ಆ ಗುಳಿಗೆಯನ್ನು ಮುಟ್ಟಿಯೇ ಇಲ್ಲದವರ ರಕ್ತದ ಹಾಗಿತ್ತು. ಅವ್ವ ನುಂಗುತ್ತ ಬಂದದ್ದು ಬರೀ ಹಿಟ್ಟು. ಆಕೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಕವಾಟದ ಅಂಚಿಗೆ ರಕ್ತದ ಗರಣೆ ಕಟ್ಟಲು ಶುರುವಾಗಿತ್ತು.  ಸೂಜಿ, ಸಲೈನು ಎಲ್ಲ ಆಗಿ ಅವ್ವ ಮನೆಗೆ ಬಂದಾಗ ತೋಳಿನ ಮೇಲೆ ಮತ್ತೆ ನೀಲಿ ಕಲೆಗಳಿದ್ದವು. ಆ ಕಲೆಗಳನ್ನು ಕಂಡು ನಾನು ಕೈ ಮುಗಿದೆ.

ಅಸಲಿ ಡಬ್ಬಿಯೊಂದರ ಕೋಡನ್ನು ಯಾರೋ ಸಾವಿರಾರು ನಕಲಿ ಡಬ್ಬಿಗಳ ಮೇಲೆ ಅಚ್ಚು ಹಾಕಿದ್ದರು. ಯಾರು, ಎಲ್ಲಿ ಅನ್ನುವುದು ಇಂದಿಗೂ ಗೊತ್ತಾಗಿಲ್ಲ. ಮಾವನ ಮಗ ತನ್ನ ಗೋದಾಮಿನ ಮಾಲನ್ನೆಲ್ಲ ತಾನೇ ಅಧಿಕಾರಿಗಳ ಮುಂದಿಟ್ಟು ದೂರು ಕೊಟ್ಟ. ಒಮ್ಮೆ ಸ್ಕ್ಯಾನ್ ಆದ ಕೋಡು ಎರಡನೇ ಸಲ ಬಂದರೆ ಕೆಂಪು ತೋರಿಸುವಂತೆ ಆ್ಯಪನ್ನು ಬದಲಾಯಿಸಿದ. ಆಮೇಲೆ ಮೇಲಿನ ಮನೆಯ ಮೆಟ್ಟಿಲು ಹತ್ತಿ, ಕಾಕಾನ ಕಾಲು ಮುಟ್ಟಲು ಬಗ್ಗಿದ. ಕಾಕಾ ಅವನ ಹೆಗಲು ಹಿಡಿದೆತ್ತಿದರು. "ನೀ ಅಸಲಿ ಅಂತ ನನಗ ಆವತ್ತ ಗೊತ್ತಾತಪಾ. ಕಳ್ಳ ಆಗಿದ್ರ ಸಿಟ್ಟಿನ್ಯಾಗ ಟೆಸ್ಟಿಗೆ ಕರಕೊಂಡು ಹೋಗ್ತಿದ್ದಿಲ್ಲ." ಹೇಳಿ, ಒಳಗೆ ಹೋಗಿ ಚಹಾ ತಂದರು.

ಹೋದ ಬೇಸಿಗೆಯಲ್ಲಿ ಕಾಕಾ ಜ್ವರ ಬಂದು ಆಸ್ಪತ್ರೆ ಸೇರಿದರು. ಸಲೈನಿನ ಬಾಟಲಿಯನ್ನು ತಿರುಗಿಸಿ ತೋರಿಸು ಎಂದು ನರ್ಸಮ್ಮನ ಹಿಂದೆ ಬಿದ್ದಿದ್ದರಂತೆ. ಆಕೆ ನಕ್ಕು ತೋರಿಸಿದಳಂತೆ. ಆದರೆ ಆ ಜ್ವರ ಅವರನ್ನು ಬಿಡಲೇ ಇಲ್ಲ. ಕಾಕಾ ಹೋಗಿಬಿಟ್ಟರು.

ನಮ್ಮವರ ಪದ್ಧತಿಯಂತೆ ಕಾಕಾನ ಹಣೆಗೆ ವಿಭೂತಿ ಬಳಿದು, ಹೂವು ಹಾಕಿ, ಅವರ ಪಡಸಾಲೆಯಲ್ಲಿ ಕೂರಿಸಿದ್ದರು. ಹೂವು ತಂದವನು ಮಾವನ ಮಗ. ಲಿಫ್ಟು ಕೆಟ್ಟಿತ್ತು, ಅವ್ವ ಕಟಾಂಜನ ಹಿಡಿದು ಮೆಟ್ಟಿಲು ಹತ್ತಿ ಬಂದು ಕಾಕಿಯ ಪಕ್ಕದಲ್ಲಿ ಕೂತಳು. ಭಜನೆಯವರು ನೀರು ಕುಡಿಯಲು ಎದ್ದರು. ಅತ್ತವರೆಲ್ಲ ದಣಿದಿದ್ದರು. ಪಡಸಾಲೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು.

ಲೋಹದ ಕವಾಟಕ್ಕೆ ಒಂದು ಸದ್ದಿದೆ. ತೀರಾ ಹತ್ತಿರ ಕೂತರೆ, ಸುತ್ತ ಮಾತಿಲ್ಲದಿದ್ದರೆ ಮಾತ್ರ ಕೇಳುತ್ತದೆ. ಟಿಕ್, ಟಿಕ್. ಮೆಟ್ಟಿಲು ಹತ್ತಿದ ದಣಿವಿಗೆ ಆವತ್ತು ಜೋರಾಗಿಯೇ ಬಡಿಯುತ್ತಿತ್ತು.  ಕಾಕಿಗೂ ಅದು ಕೇಳಿಸಿರಬೇಕು. ಗಂಡನ ಕಡೆಯಿಂದ ಮುಖ ತಿರುಗಿಸಿ, ಅವ್ವನ ಹತ್ತಿರಕ್ಕೆ ಸರಿದು, ಆಕೆಯ ಎದೆಯ ಮೇಲೆ ಕೈಯಿಟ್ಟು ಹಾಗೇ ಕೂತರು.