ಅಕ್ಕನ ಗಿಡಕ್ಕೆ ಹಾಕಿದ ನೀರು

ನಾನು ಚಿಕ್ಕವನಿದ್ದಾಗ ಹನಕೆರೆಯ ರೈಲ್ವೆ ಸ್ಟೇಷನ್ನೇ ನಮ್ಮ ಅಂಗಳವಾಗಿತ್ತು, ಮಕ್ಕಳೇ. ಅಪ್ಪ ಅಲ್ಲಿ ಪೋರ್ಟರ್. ಗಂಟೆ ಹೊಡೆದು, ದೀಪ ಒರೆಸಿ ಉಳಿದ ಹೊತ್ತಿನಲ್ಲೆಲ್ಲ ಪ್ಲಾಟ್‌ಫಾರಂ ಉದ್ದಕ್ಕೂ ಗಿಡ ಬೆಳೆಸುತ್ತಿದ್ದ. ಬೇಲಿಗೆ ಆಡು ಬಾಯಿ ಹಾಕದ ಕಣಗಿಲೆ, ನೆರಳಿಗೆ ಬಣ್ಣದೆಲೆಯ ಕ್ರೋಟನ್, ಬಿಸಿಲು ಸುಡುವ ಕಡೆಗೆ ಕಾಗದದ ಹೂವಿನ ಗಿಡ. ಹಬೆ ಇಂಜಿನ್ನಿನ ಕಲ್ಲಿದ್ದಲ ವಾಸನೆಯ ಜೊತೆಗೆ ಒದ್ದೆ ಮಣ್ಣಿನ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ.

ಒಂದು ಮಳೆಗಾಲದಲ್ಲಿ ಅಪ್ಪ ಕಾಗದದ ಹೂವಿನ ಒಂದೇ ಕೊಂಬೆಯಿಂದ ಎರಡು ಕಡ್ಡಿ ಕತ್ತರಿಸಿ, ಹಳೆಯ ಸೀಮೆಎಣ್ಣೆ ಡಬ್ಬಗಳಲ್ಲಿ ನೆಟ್ಟ. ಒಂದು ಅಕ್ಕನಿಗೆ, ಒಂದು ನನಗೆ. ಯಾರ ಗಿಡ ಮೊದಲು ಹೂ ಬಿಡುತ್ತದೋ ಅದಕ್ಕೆ ಸ್ಟೇಷನ್ನಿನ ಹೆಸರಿನ ಹಳದಿ ಬೋರ್ಡಿನ ಪಕ್ಕ ಜಾಗ. ಹೋಗುವ ಬರುವ ರೈಲಿನವರೆಲ್ಲ ನೋಡುವ ಜಾಗ ಅದು. ನನಗೆ ಅದು ಬೇಕೇ ಬೇಕಿತ್ತು.

ಅಕ್ಕ ಕೊಟ್ಟಿಗೆ ಗೊಬ್ಬರ ಪುಡಿ ಮಾಡಿ ಹಾಕುತ್ತಿದ್ದಳು, ಎಲೆ ತಿರುಗಿಸಿ ಹುಳ ಆರಿಸುತ್ತಿದ್ದಳು. ನಾನು ಗೋಲಿ ಆಡುತ್ತಿದ್ದೆ. ಮರುವರ್ಷ ದೀಪಾವಳಿ ಕಳೆದ ಮೇಲೆ ಅಪ್ಪ ಎರಡರ ತುದಿಯನ್ನೂ ಕತ್ತರಿಸಿದಾಗ ಅವಳದು ನನ್ನದರ ಎರಡರಷ್ಟಿತ್ತು. ಸಂಕ್ರಾಂತಿಯ ಮಾರನೆಯ ದಿನ ಅಪ್ಪ ನೀರಿನ ಚೊಂಬು ಕಸಿದುಕೊಂಡ.

"ಈ ಗಿಡುಕ್ಕೆ ನೀರು ಕಂಡ್ರೆ ಸೊಕ್ಕು ಕಣ್ರಲಾ. ಎಲೆ ಬುಡ್ತದೆ, ಹೂ ಬುಡಕಿಲ್ಲ. ವಸಿ ಬಾಯಾರುಸ್ಬೇಕು."

ಕಾಲುವೆ ನೀರಿನ ಊರಿನಲ್ಲಿ ಗಿಡಕ್ಕೆ ನೀರು ಹಾಕಬೇಡ ಎಂಬ ಮಾತು ಯಾರು ಕೇಳಿದ್ದರು? ಮೊದಮೊದಲು ಬಾಡಿದ ಎಲೆ ನೋಡಿ ಅಕ್ಕನ ಕಣ್ಣು ತುಂಬುತ್ತಿತ್ತು, ಆದರೂ ಒಂದು ಹನಿ ಹಾಕಲಿಲ್ಲ. ಹಾಕಿದ್ದು ನಾನು. ಮಧ್ಯಾಹ್ನ ಅವಳು ಹುಲ್ಲಿಗೆ ಹೋದಾಗ ದಿನಾ ಅವಳ ಡಬ್ಬಕ್ಕೆ ಒಂದು ಚೊಂಬು ಸುರಿದು, ಮೇಲೆ ಒಣಮಣ್ಣು ಹರಡುತ್ತಿದ್ದೆ.

ಶಿವರಾತ್ರಿಯ ಬೆಳಿಗ್ಗೆ ನನ್ನ ಗಿಡದ ತುಂಬ ಗುಲಾಬಿ ಬಣ್ಣ. ಅಕ್ಕನದು ಹಸಿರೋ ಹಸಿರು, ಒಂದು ಮೊಗ್ಗೂ ಇಲ್ಲ. ಅಪ್ಪ ನಕ್ಕುಬಿಟ್ಟ.

"ನಿಂಗೆ ಕರುಳು ಜಾಸ್ತಿ ಕಣವ್ವ. ಪಾಪ ಅಂತ ಹುಯ್ದುಬುಟ್ಟಿದ್ದೀಯ."

"ಒಂದ್ ತೊಟ್ಟೂ ಹಾಕಿಲ್ಲ ಕಣಪ್ಪ, ನಿನ್ನಾಣೆ."

"ಬುಡು, ಬುಡು."

ಅಕ್ಕ ನನ್ನ ಡಬ್ಬದ ಇನ್ನೊಂದು ಕಡೆ ಹಿಡಿದು, ಬೋರ್ಡಿನವರೆಗೆ ಹೊತ್ತು ತಂದಳು. ಅಷ್ಟರಲ್ಲಿ ಮೈಸೂರು ಕಡೆಯ ಪ್ಯಾಸೆಂಜರ್ ಬಂದು ನಿಂತಿತು. ಸೌತೆಕಾಯಿ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಕಿಟಕಿಯಿಂದ ನನ್ನನ್ನು ಕೂಗಿದಳು.

"ಏನ್ಲಾ ಮಗ, ಸ್ಟೇಸನ್‌ಗೆ ಮದ್ವೆಯೇನ್ಲಾ?"

ನಾನು ಡಬ್ಬದ ಹಿಂದೆ ಸರಿದೆ. ಅಕ್ಕನೇ ಹೇಳಿದಳು. "ನಮ್ ತಮ್ಮ ಬೆಳ್ಸಿರೋದು ಕಣಜ್ಜಿ. ಕಣ್ತುಂಬ ನೋಡ್ಕಂಡೋಗು, ಕಾಸು ಕೇಳಕಿಲ್ಲ."

ರೈಲು ಡಬ್ಬಿಯೆಲ್ಲ ನಕ್ಕಿತು. ಅಜ್ಜಿ ಒಂದು ಎಳೆ ಸೌತೆಕಾಯಿ ನನ್ನ ಕೈಗಿಟ್ಟಳು. ನಾನು ಅದನ್ನು ಹಾಗೆಯೇ ಅಕ್ಕನಿಗೆ ಕೊಟ್ಟೆ. ಅವಳು ಮುರಿದು ದೊಡ್ಡ ತುಂಡು ನನಗೇ ಕೊಟ್ಟಳು. "ತಿನ್ಲಾ, ಗೆದ್ದೋನು ನೀನು."

ಅಕ್ಕನ ಗಿಡ ಹಿತ್ತಲಿಗೆ ಹೋಯಿತು. ಮುಂದಿನ ವರ್ಷ ಅದೂ ಮೈತುಂಬ ಹೂ ಬಿಟ್ಟಿತು. ಆದರೆ ಹಿತ್ತಲು ರೈಲಿಗೆ ಕಾಣುವುದಿಲ್ಲವಲ್ಲ.

ಈಗ ಮಂಡ್ಯದ ನಿಮ್ಮ ತಾರಸಿಯ ಮೇಲೂ ಒಂದು ಕಾಗದದ ಹೂವಿನ ಕುಂಡವಿದೆ. ಎರಡು ವರ್ಷ ಕಾದು ನಾವು ಕಂಡ ಹೂವನ್ನು ನೀವು ರಸ್ತೆ ಬದಿಯ ನರ್ಸರಿಯಿಂದ ಅರಳಿದ ಹಾಗೆಯೇ ಕಾರಿನಲ್ಲಿ ತಂದಿರಿ, ಫೋನಿನಲ್ಲಿ ಫೋಟೊ ತೆಗೆದಿರಿ. ಆಮೇಲೆ ಅದು ಹೂ ಬಿಟ್ಟೇ ಇಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀರಿ. ದಿನವೂ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಅದು ಯಾಕೆ ಬಿಡುತ್ತದೆ? ನಾಳೆ ಆ ಪೈಪು ಕಿತ್ತುಬಿಡಿ.

ಹೂ ಬಂದ ದಿನ ಕುಂಡವನ್ನು ಮಳವಳ್ಳಿಗೆ ಒಯ್ದು, ಅಕ್ಕನ ಮನೆಯ ಮುಂದೆ, ಬಸ್ಸಿನವರಿಗೆಲ್ಲ ಕಾಣುವ ಹಾಗೆ ಇಡೋಣ. ಆಗ ನಿಮ್ಮಲ್ಲಿ ಒಬ್ಬರು ನಾನು ಬರೆದಿರುವ ಇದನ್ನು ಅವಳಿಗೆ ಜೋರಾಗಿ ಓದಿ ಹೇಳಿ. ಅವಳಿಗೆ ಕಿವಿ ಮಂದ, ನನಗೆ ಧೈರ್ಯ ಸಾಲದು. ಸೌತೆಕಾಯಿ ನಾನು ತರುತ್ತೇನೆ. ದೊಡ್ಡ ತುಂಡು ಅವಳಿಗೆ.