ಸ್ತೋತ್ರದ ಮೇಸ್ತ್ರಿಯ ಕಲ್ಲುಮೇಜು

ನನ್ನ ಮಾವನಿಗೆ ಬೀದಿಯವರು ಇಟ್ಟ ಹೆಸರು ಸ್ತೋತ್ರದ ಮೇಸ್ತ್ರಿ. ಕಲ್ಲು ಉಜ್ಜಿ ನಯ ಮಾಡುವ ಷೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದರು, ಬಾಯಿ ತೆರೆದರೆ ದೇವರಿಗೆ ಸ್ತೋತ್ರ ಅನ್ನುತ್ತಿದ್ದರು, ಅದಕ್ಕೆ ಆ ಹೆಸರು. ನಲ್ಲಿಯಲ್ಲಿ ನೀರು ಬಂದರೆ ಸ್ತೋತ್ರ. ಬಾರದಿದ್ದರೆ, ನಿನ್ನೆ ಬಂದಿತ್ತಲ್ಲ, ಅದಕ್ಕೆ ಸ್ತೋತ್ರ. ಚಪ್ಪಲಿ ಕಿತ್ತುಹೋದರೆ ಕಾಲು ಉಳಿಯಿತಲ್ಲ ಎಂದು ಸ್ತೋತ್ರ. ಸೊಸೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕುಬಿಟ್ಟಿದ್ದೆ. ಅವರು ನಗಲಿಲ್ಲ. "ನಗು ಕೊಟ್ಟಿದ್ದಕ್ಕೂ ಒಂದು ಸ್ತೋತ್ರ ಹೇಳಮ್ಮ" ಎಂದರು.

ಮನೆ ಎಂದರೆ ಎರಡು ಕೋಣೆ, ಹಿಂದೆ ಒಂದು ಅಡುಗೆಮೂಲೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಮೇಜೇ ತಿಂದುಹಾಕಿತ್ತು. ಷೆಡ್ಡಿನಲ್ಲಿ ಮೂಲೆ ಬಿರುಕುಬಿಟ್ಟು ಯಾರಿಗೂ ಬೇಡವಾದ ಒಂದು ಕಪ್ಪು ಹಲಗೆಗಲ್ಲನ್ನು ಮಾವ ತಂದು, ಕಬ್ಬಿಣದ ಕಾಲುಗಳ ಮೇಲೆ ಕೂರಿಸಿ, ಮರಳು ನೀರು ಹಾಕಿ ಕೈಯಲ್ಲೇ ಉಜ್ಜಿ ನಯ ಮಾಡಿದ್ದರು. ಮೊಣಕೈ ಊರಿದರೆ ತಣ್ಣಗೆ ಕೊರೆಯುತ್ತಿತ್ತು. ದಿನವೂ ಸಂಜೆ ದೀಪ ಹಾಕಿದ ಮೇಲೆ ಆ ಮೇಜಿನ ಸುತ್ತ ಕೂತು ಬೈಬಲ್ ಓದಬೇಕು. ಒಂದು ದಿನಕ್ಕೆ ಒಂದು ಅಧ್ಯಾಯ, ಮೊದಲಿನಿಂದ ಕೊನೆಯವರೆಗೆ ಸಾಲಾಗಿ, ಸರದಿಯ ಮೇಲೆ ಒಬ್ಬೊಬ್ಬರು. ಮುಗಿದರೆ ಮತ್ತೆ ಮೊದಲಿನಿಂದ. ಯಾರು ಯಾರನ್ನು ಹೆತ್ತರು ಎಂಬ ಹೆಸರುಗಳ ಉದ್ದ ಸಾಲನ್ನೂ ಬಿಡುವ ಹಾಗಿಲ್ಲ. ಓದಿದ ಮೇಲೆ ಪ್ರತಿಯೊಬ್ಬರೂ ಒಂದು ಸ್ತೋತ್ರ ಹೇಳಬೇಕು, ನಿನ್ನೆ ಹೇಳಿದ್ದನ್ನು ಇವತ್ತು ಹೇಳಬಾರದು. ದೂರಿಗೆ ಮಾತ್ರ ಆ ಮೇಜಿನ ಬಳಿ ಜಾಗವಿರಲಿಲ್ಲ. "ಗೊಣಗೋದು ಏನಿದ್ರೂ ಹೊಸ್ತಿಲಾಚೆ" ಎನ್ನುತ್ತಿದ್ದರು ಮಾವ.

ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ಯಾರು ಹಾಸಿಗೆ ಹಿಡಿದರೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು, ಅವರಿಗೆ ಊಟ ಮಾಡಿಸುತ್ತಿದ್ದರು. ಬೆಳಗಾಗುತ್ತಲೇ ಮಂಡಿಯೂರಿ ಎಲ್ಲರ ಹೆಸರೂ ಹೇಳಿ ಪ್ರಾರ್ಥಿಸುತ್ತಿದ್ದರು, ಜಗಳವಾಡಿದ ದಿನ ನನ್ನ ಹೆಸರನ್ನು ಇನ್ನೂ ಗಟ್ಟಿಯಾಗಿ. ಆದರೆ ಆ ಮೇಜಿನ ನಿಯಮ ನನಗೆ ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ನಾನು ಬರುವುದಕ್ಕೆ ಬಹಳ ಮೊದಲೇ, ನನ್ನ ಗಂಡ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತೀರಿಕೊಂಡಿದ್ದರು. ಮಣ್ಣು ಮಾಡಿ ಬಂದ ಸಂಜೆಯೂ ಮಾವ ಅಧ್ಯಾಯ ಓದಿ, ಮಗನ ಕೈಯಲ್ಲೂ ಸ್ತೋತ್ರ ಹೇಳಿಸಿದ್ದರಂತೆ.

"ನೀವೇನಂದ್ರಿ?" ಎಂದು ಕೇಳಿದ್ದೆ ಗಂಡನನ್ನು.

"ಅಮ್ಮನ ನರಳಾಟ ನಿಂತಿದ್ದಕ್ಕೆ ಅಂದೆ. ಅಪ್ಪ ತಲೆ ಸವರಿದ್ರು. ಅಳೋಕೆ ಬಿಡುವೇ ಆಗ್ಲಿಲ್ಲ ನೋಡು, ಆಮೇಲೆ ಅಭ್ಯಾಸವೇ ತಪ್ಪಿಹೋಯ್ತು" ಎಂದು ನಕ್ಕರು. ಅವರು ನಕ್ಕಿದ್ದು ನನಗೆ ಇಷ್ಟವಾಗಲಿಲ್ಲ.

ನನ್ನ ಗಂಡನನ್ನು ಷೆಡ್ಡಿಗೆ ಸೇರಿಸಿದವರೂ ಮಾವನೇ. ಮಾವ ಕೆಲಸ ಕಲಿತ ಕಾಲದಲ್ಲಿ ಉಳಿ, ಸುತ್ತಿಗೆ, ಮರಳು, ನೀರು. ಆಮೇಲೆ ಕೈಯಲ್ಲಿ ಹಿಡಿದು ಉಜ್ಜುವ ಕರೆಂಟಿನ ಚಕ್ರ ಬಂತು. ನೀರು ಬಿಟ್ಟುಕೊಂಡು ಉಜ್ಜಿದರೆ ಧೂಳು ಏಳುವುದಿಲ್ಲ, ಆದರೆ ಅಳತೆಗೆಂದು ಕಲ್ಲಿನ ಮೇಲೆ ಎಳೆದ ಗೆರೆಯನ್ನು ಕೆಸರು ಮುಚ್ಚುತ್ತದೆ, ನಿಲ್ಲಿಸಿ ನಿಲ್ಲಿಸಿ ತೊಳೆಯಬೇಕು. ಒಣಗಲ್ಲಿನ ಮೇಲಾದರೆ ಗೆರೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ, ಕೆಲಸವೂ ಬೇಗ. ಮಾಲೀಕನಿಗೆ ಬೇಕಿದ್ದದ್ದು ಬೇಗ. ಅಷ್ಟು ಹೊತ್ತಿಗೆ ಮಾವ ಮೇಸ್ತ್ರಿಯಾಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಗಾಳಿಯಲ್ಲಿ ಕೂತಿದ್ದರು. ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡು ಚಕ್ರ ಹಿಡಿದು ನಿಂತವರು ನನ್ನ ಗಂಡ. "ಒಣಗಲ್ಲಿನ ಅಂಚು ಉಜ್ಜೋಕೆ ನನ್ನ ಮಗನ ಕೈಯೇ ಕೈ" ಎಂದು ಮಾವ ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬಿಳಿ. "ಬೆಳಿಗ್ಗೆ ಗಂಡನ್ನ ಕಳಿಸಿದೆ, ಸಂಜೆಗೆ ಅಜ್ಜನ್ನ ವಾಪಸು ಕೊಟ್ಟಿದ್ದಾರೆ" ಎಂದು ನಾನೇ ರೇಗಿಸುತ್ತಿದ್ದೆ.

ಕೆಮ್ಮು ಬಂತು. ಹೋಗಲಿಲ್ಲ. ಒಂದು ದಿನ ಅವರ ಬಟ್ಟೆ ಒಗೆಯುವಾಗ ಮುಖಕ್ಕೆ ಕಟ್ಟುವ ಬಟ್ಟೆಯಲ್ಲಿ ರಕ್ತದ ಕಲೆ ಕಂಡು, ಅದನ್ನು ಒಗೆಯದೆ ಎತ್ತಿಟ್ಟೆ. ಅವತ್ತು ಸಂಜೆ ಮೇಜಿನ ಬಳಿ ಮಾವ, "ಷೆಡ್ಡಿನ ಕೆಲಸಕ್ಕಾಗಿ ಸ್ತೋತ್ರ" ಎಂದರು. ನನ್ನ ಸರದಿ ಬಂದಾಗ ಆ ಬಟ್ಟೆಯನ್ನು ತಂದು ಕಲ್ಲಿನ ಮೇಲೆ ಹಾಸಿದೆ.

"ಇದಕ್ಕೆ ಯಾವ ಸ್ತೋತ್ರ ಹೇಳ್ಲಿ ಮಾವ? ನೀವೇ ಹೇಳ್ಕೊಡಿ."

ಮಾವನ ಮುಖ ಕಪ್ಪಿಟ್ಟಿತು. ಗಂಡ ತಟ್ಟನೆ ಬಟ್ಟೆ ಎಳೆದುಕೊಂಡು, "ವಸಡಿನ ರಕ್ತ ಅಪ್ಪ, ಇವಳದ್ದೊಂದು" ಎಂದರು. ಮಾವ ನಂಬಿದರು. ನಂಬಬೇಕಾಗಿತ್ತು, ನಂಬಿದರು. ಆ ಭಾನುವಾರವೇ ಚರ್ಚಿನಲ್ಲಿ ಸಭಾಪಾಲಕರು ಪ್ರಸಂಗದ ನಡುವೆ, ಕೃತಜ್ಞತೆ ನೋಡಬೇಕಾದರೆ ನಮ್ಮ ಮೇಸ್ತ್ರಿಯ ಮನೆಗೆ ಹೋಗಿ ನೋಡಿ ಎಂದುಬಿಟ್ಟರು. ಇನ್ನು ಕೇಳಬೇಕೇ? ಹೊಗಳಿಕೆ ಬಿದ್ದ ಮೇಲೆ ಮಾವನಿಗೆ ಬೇಕೆಂದರೂ ಹಿಂದೆ ಸರಿಯಲು ದಾರಿ ಇಲ್ಲದಂತಾಯಿತು.

ಆಸ್ಪತ್ರೆಗೆ ಹೋದಾಗ ತಡವಾಗಿತ್ತು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಕಲ್ಲಿನ ಧೂಳು ಎದೆಯೊಳಗೆ ಕೂತು ಗಟ್ಟಿಯಾಗಿಬಿಟ್ಟಿದೆ. ತೆಗೆಯೋಕಾಗಲ್ಲ. ಹೆಚ್ಚಾಗ್ತಾನೇ ಹೋಗುತ್ತೆ" ಎಂದರು. ಹೊರಗೆ ಬೆಂಚಿನ ಮೇಲೆ ಕೂತು ಮಾವ ಎಕ್ಸ್‌ರೇ ಹಾಳೆಯನ್ನು ಮತ್ತೆ ಲಕೋಟೆಗೆ ತೂರಿಸಿದರು. ಆಮೇಲೆ, "ಕಾಯಿಲೆ ಏನಂತ ಗೊತ್ತಾಯ್ತಲ್ಲ, ಸ್ತೋತ್ರ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಾವ, ಇನ್ನೊಂದು ಸಲ ಆ ಮಾತು ಬಂದ್ರೆ ಆಸ್ಪತ್ರೆ ಅನ್ನೋದನ್ನೂ ನೋಡದೆ ಕಿರುಚಿಬಿಡ್ತೀನಿ."

ಅವರು ಎದ್ದು ಔಷಧಿ ಚೀಟಿ ಹಿಡಿದು ಸಾಲಿಗೆ ಹೋಗಿ ನಿಂತರು. ಆದರೆ ಸಂಜೆ ಮೇಜು ಇತ್ತು, ಅಧ್ಯಾಯ ಇತ್ತು, ನಿಯಮವೂ ಇತ್ತು. ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತ ನನ್ನ ಗಂಡ ಅಳೆದು ತೂಗಿ ಸ್ತೋತ್ರ ಹುಡುಕುತ್ತಿದ್ದರು. ಇವತ್ತು ಕಿಟಕಿಯಿಂದ ಗಾಳಿ ಬಂತು. ಇವತ್ತು ಪಕ್ಕದ ಮನೆಯವರು ಹಣ್ಣು ಕೊಟ್ಟರು. ಉಸಿರಿಗೆ ಒದ್ದಾಡುವವನಿಂದ ಇಂಥ ಮಾತು ಹೊರಡಿಸುವುದು ನೋಡಲಾಗದೆ ನಾನು ಬೇಕೆಂತಲೇ ಪಾತ್ರೆ ಸದ್ದು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಬೆನ್ನು ಒರೆಸುತ್ತಿದ್ದಾಗ ಅವರೇ ಬಾಯಿಬಿಟ್ಟರು. "ನಂಗೆ ಭಯ ಆಗುತ್ತೆ ಕಣೆ. ತುಂಬ. ಅಪ್ಪನ ಹತ್ರ ಹೇಳ್ಬೇಕು."

"ಹೇಳಿ ಮತ್ತೆ. ನಾನೇ ಹೇಳ್ಲಾ?"

"ಬೇಡ. ನಾನೇ ಹೇಳ್ಬೇಕು, ಆ ಮೇಜಿನ ಹತ್ರಾನೇ. ಅಲ್ಲಿ ತಾನೇ ದೇವರ ಮುಂದೆ ಕೂರೋದು. ಅಲ್ಲಿ ಹೇಳದೆ ಹೋದ್ರೆ, ಆ ಕಡೆ ಹೋದ ಮೇಲೂ ದೇವರೆದುರು ಗಾಳಿ ಬಂತು, ಹಣ್ಣು ಬಂತು ಅಂತಾನೇ ನಿಂತಿರ್ತೀನಿ." ಸ್ವಲ್ಪ ಉಸಿರೆಳೆದುಕೊಂಡು, "ನಂಬಿಕೆ ಇಲ್ದೋನು ಅಂತ ಅಪ್ಪ ಅಂದ್ಕೊಂಡ್ರೆ ಮಾತ್ರ ತಡ್ಕೊಳ್ಳೋಕಾಗಲ್ಲ" ಎಂದರು.

ಅಲ್ಲಿಂದ ಮುಂದೆ ನನಗಿದ್ದದ್ದು ಒಂದೇ ಚಿಂತೆ. ಗುಣವಾಗಲಿ ಎಂದು ಬೇಡುವುದನ್ನು ಬಿಟ್ಟಿದ್ದೆ. ಈ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡೇ ಸಾಯಬಾರದು, ಅಷ್ಟೇ. ಪ್ರತಿ ಸಂಜೆ ಅವರ ಮುಖ ನೋಡುತ್ತಿದ್ದೆ. ಮಾತು ನಾಲಿಗೆ ತುದಿಗೆ ಬಂದು ಮಾವನ ಮುಖ ಕಂಡು ಹಿಂದಕ್ಕೆ ಹೋಗುತ್ತಿತ್ತು.

ಓದು ಸಾಲಾಗಿ ನಡೆಯುತ್ತ ಬೈಬಲಿನ ಹಾಡುಗಳ ಭಾಗಕ್ಕೆ, ಕೀರ್ತನೆಗಳಿಗೆ ಬಂತು. ಅಲ್ಲಿ ಮಾವನ ಒಂದು ಚಾಳಿಯನ್ನು ನಾನು ಹಿಂದೆಯೇ ಗಮನಿಸಿದ್ದೆ. ಸಂತೋಷದ ಕೀರ್ತನೆಗಳನ್ನು ನಮಗೆ ಬಿಡುತ್ತಿದ್ದರು. ಅಳುವ, ಗೋಳಾಡುವ, ದೇವರನ್ನೇ ಎಲ್ಲಿ ಹೋದೆ ಎಂದು ಕೇಳುವ ಕೀರ್ತನೆ ಬಂದರೆ ಯಾರ ಸರದಿಯಾದರೂ ಪುಸ್ತಕ ತಾವೇ ಎಳೆದುಕೊಂಡು, ಬಸ್ಸು ಹಿಡಿಯುವವರ ಹಾಗೆ ಗಡಬಡನೆ ಮುಗಿಸಿಬಿಡುತ್ತಿದ್ದರು. ಒಂದು ಸಾಲನ್ನೂ ಬಿಟ್ಟವರಲ್ಲ, ಆದರೆ ಒಂದನ್ನೂ ಕೇಳಿಸಿಕೊಂಡವರೂ ಅಲ್ಲ.

ಅವತ್ತು ನನ್ನ ಗಂಡನ ಸರದಿ. ಮಾವ ಪುಟ ನೋಡಿದರು, ಕೈ ಚಾಚಿದರು. "ಕೊಡು, ನಿಂಗೆ ಉಸಿರು ಸಾಲಲ್ಲ."

ಗಂಡ ಪುಸ್ತಕದ ಮೇಲೆ ಅಂಗೈ ಊರಿದರು. "ನನ್ನ ಸರದಿ ಅಪ್ಪ."

ಮೂರು ಪದ, ಒಂದು ಉಸಿರು. ಮತ್ತೆ ಮೂರು ಪದ. ಬೇಗ ಓದಲು ಅವರಿಗೆ ಸಾಧ್ಯವೇ ಇರಲಿಲ್ಲ, ಆದ್ದರಿಂದ ಪ್ರತಿ ಮಾತೂ ಕಲ್ಲಿನ ಮೇಲೆ ಬಿದ್ದು ಕೇಳಿಸಿತು. ಹಗಲೂ ಇರುಳೂ ಕೂಗಿ ಕೂಗಿ ಉತ್ತರ ಸಿಗದವನೊಬ್ಬನ ಪ್ರಾರ್ಥನೆ ಅದು. ಗೋರಿಯ ಅಂಚಿಗೆ ಬಂದವನು, ಗೆಳೆಯರು ದೂರವಾದವನು. ಇನ್ನೇನು ತಿರುವು ಬರುತ್ತದೆ, ಕೊನೆಗೊಂದು ಸ್ತೋತ್ರ ಬರುತ್ತದೆ ಎಂದು ಕಾದರೆ, ಕೀರ್ತನೆ ಕತ್ತಲಿಗೆ ಬಂದು ಅಲ್ಲೇ ನಿಂತುಬಿಟ್ಟಿತು.

"ಓದು" ಎಂದರು ಮಾವ.

"ಮುಗೀತಪ್ಪ."

"ಕೊನೇಲಿ ಸ್ತೋತ್ರ?"

"ಇಲ್ಲ."

ಮಾವ ಪುಸ್ತಕ ತಿರುಗಿಸಿಕೊಂಡು ಬೆರಳಿಟ್ಟು ನೋಡಿದರು. ಪುಟ ಮಗುಚಿದರು. ಮತ್ತೆ ಹಿಂದಕ್ಕೆ ಬಂದರು. "ಪ್ರತಿ ಸುತ್ತಲ್ಲೂ ಓದಿದೀನಲ್ಲ ಇದನ್ನ" ಎಂದು ತಮ್ಮಷ್ಟಕ್ಕೆ ಎಂಬಂತೆ ಅಂದರು. "ಇದೂ ಪ್ರಾರ್ಥನೇನೇ?"

"ಅಪ್ಪ" ಎಂದರು ನನ್ನ ಗಂಡ. "ನಂಗೆ ಭಯ ಆಗುತ್ತೆ. ಸಾಯೋಕೆ ಇಷ್ಟ ಇಲ್ಲ. ನಂಗೆ ಕೋಪಾನೂ ಇದೆ ಅಪ್ಪ."

ಮಾವನ ಬಾಯಿ ಅಭ್ಯಾಸಬಲದಿಂದ ಸ್ತೋತ್ರಕ್ಕೆ ತೆರೆದುಕೊಂಡಿತು. ನಾನು ನೋಡಿದೆ. ಮಾತು ಹೊರಡಲಿಲ್ಲ. ಕುರ್ಚಿಯಿಂದ ಎದ್ದು ಮಗನ ಕಾಲ ಬಳಿ ನೆಲದ ಮೇಲೆ ಮಂಡಿಯೂರಿದರು.

"ಕರ್ತನೇ, ಇವನ ಕೈಗೆ ಆ ಚಕ್ರ ಕೊಟ್ಟೋನು ನಾನು. ಧೂಳು ನೋಡ್ತಾ ನೋಡ್ತಾ ನಿಂಗೆ ಸ್ತೋತ್ರ ಹೇಳ್ದೆ. ನೀನಾದ್ರೂ ಯಾಕೆ ನನ್ನ ಬಾಯಿಗೆ ಹೊಡೀಲಿಲ್ಲ? ಯಾಕೆ ಸುಮ್ಮನಿದ್ದೆ?" ಅವರ ದನಿ ಏರಿತು. ಗೋಡೆಯಾಚೆ ಪಕ್ಕದ ಮನೆಯವರ ಮಾತು ನಿಂತುಹೋಯಿತು. ಗಂಡ ಅಪ್ಪನ ತಲೆಯ ಮೇಲೆ ಕೈಯಿಟ್ಟು ಮಕ್ಕಳ ಹಾಗೆ ಅಳುತ್ತಿದ್ದರು. ಕೆಮ್ಮು ಬರುತ್ತಿತ್ತು, ಅಳುವೂ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ದಿನವೂ ಓದಿ, ದಿನವೂ ಪ್ರಾರ್ಥಿಸಿ, ಕೃತಜ್ಞತೆ ಮರೆಯಬೇಡಿ ಎಂದು ಸಭೆಯಲ್ಲಿ ಹೇಳುವವರ ಜೊತೆ ನಾನೂ ಈಗ ದನಿಗೂಡಿಸುತ್ತೇನೆ. ಒಂದು ಮಾತು ಮಾತ್ರ ನನ್ನದು. ಕಷ್ಟದ ಪುಟಗಳನ್ನು ಓಡಿಸಿಬಿಡಬೇಡಿ. ಸಾಲಾಗಿ ಓದುವ ಹಟ ಮಾವನಿಗೆ ಇಲ್ಲದಿದ್ದರೆ ಆ ಪುಟ ನಮ್ಮ ಮೇಜಿಗೆ ಆ ಸಂಜೆ ಬರುತ್ತಲೇ ಇರಲಿಲ್ಲ. ಅದಕ್ಕೆ ಅವರನ್ನು ಬೈಯುವಾಗಲೂ ಆ ಹಟವನ್ನು ಬೈಯಲಾರೆ.

ಮರುದಿನ ಮಾವ ಷೆಡ್ಡಿಗೆ ಹೋದವರೇ ನೀರಿನ ಪೈಪು ಹಿಡಿದು ಎಲ್ಲ ಚಕ್ರಗಳ ಕೆಳಗಿನ ಕಲ್ಲಿಗೂ ನೀರು ಬಿಟ್ಟರಂತೆ. ಮಾಲೀಕ ಪೈಪು ಕಸಿದುಕೊಂಡು, ನಾಳೆಯಿಂದ ಬರಬೇಡಿ ಎಂದ. ಮೈಯೆಲ್ಲ ಒದ್ದೆಯಾಗಿ ಮನೆಗೆ ಬಂದರು. ಅವರು ಬೀದಿ ದಾಟುವಷ್ಟರಲ್ಲಿ ಷೆಡ್ಡಿನ ಹುಡುಗರು ಮತ್ತೆ ಒಣಗಲ್ಲನ್ನೇ ಉಜ್ಜತೊಡಗಿದ್ದರಂತೆ. ಸಂಜೆ ಅದೇ ಅವರ ದೂರಾಯಿತು. ಈಗ ನಮ್ಮ ಮೇಜಿನಲ್ಲಿ ಮೊದಲು ದೂರು, ಆಮೇಲೆ ಸ್ತೋತ್ರ.

ವಿಚಿತ್ರ ನೋಡಿ, ದೂರು ಹೇಳಲು ಬಿಟ್ಟ ಮೇಲೆ ನನ್ನ ಗಂಡ ಸ್ತೋತ್ರಕ್ಕೆ ತಡಕಾಡಲಿಲ್ಲ. "ನಿನ್ನೆ ಮಗ್ಗುಲು ಬದಲಿಸೋಕಾಯ್ತು, ಸ್ತೋತ್ರ." "ಇವಳು ಬೈಯ್ತಾ ಬೈಯ್ತಾ ಬೆನ್ನು ಒರೆಸಿದ್ಳು, ಸ್ತೋತ್ರ." ಭಯ ಹೋಗಲಿಲ್ಲ. ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದನ್ನು ಒಬ್ಬರೇ ಹೊರಬೇಕಾಗಲಿಲ್ಲ. ಕೊನೆಕೊನೆಗೆ ಓದಲು ಆಗದೆ ತಮ್ಮ ಸರದಿಯಲ್ಲಿ ಪುಸ್ತಕದ ಮೇಲೆ ಕೈ ಮಾತ್ರ ಇಡುತ್ತಿದ್ದರು, ನಾನು ಓದುತ್ತಿದ್ದೆ. ಒಂದು ಬೆಳಿಗ್ಗೆ ಮಾವ ಮಂಡಿಯೂರಿ ಎಲ್ಲರ ಹೆಸರು ಹೇಳುತ್ತಿದ್ದಾಗಲೇ ನನ್ನ ಗಂಡನ ಉಸಿರು ನಿಂತಿತು.

ಮಣ್ಣು ಮಾಡಿ ಬಂದೆವು. ಜನ ಬಂದರು, ಹೋದರು. ದೀಪ ಹಾಕಿದ ಮೇಲೆ ಮಾವ ಮತ್ತು ನಾನು ಮೇಜಿಗೆ ಕೂತೆವು. ಅಧ್ಯಾಯ ಓದಿದೆ. ಏನು ಓದಿದೆನೋ ನೆನಪಿಲ್ಲ.

"ಕರ್ತನೇ, ಆ ಕುರ್ಚಿ ನೋಡು" ಎಂದರು ಮಾವ. "ಖಾಲಿಯಾಗ್ಬೇಕಿದ್ದದ್ದು ನಂದು." ಇನ್ನೂ ಏನೇನೋ ಹೇಳಿದರು. ದೂರು ಮುಗಿಯಿತು. ಆಮೇಲೆ ಸ್ತೋತ್ರದ ಹೊತ್ತು. ಅವರ ತುಟಿ ಅಲುಗಿತು, ನಿಂತಿತು.

"ಇವತ್ತು ಬರ್ತಿಲ್ಲಮ್ಮ ನಂಗೆ" ಎಂದರು ಸ್ತೋತ್ರದ ಮೇಸ್ತ್ರಿ.

ಆ ಮನೆಯಲ್ಲಿ ಸ್ತೋತ್ರಕ್ಕೆ ಅತಿ ಜಿಪುಣಿ ಎಂದರೆ ನಾನೇ. ಆದರೂ ಬಾಯಿ ತೆರೆದೆ. "ಭಯ ಆಗುತ್ತೆ ಅಂತ ಅಪ್ಪನ ಹತ್ರ ಹೇಳಿಯೇ ಹೋದ್ರಲ್ಲ. ಅದಕ್ಕೆ ಸ್ತೋತ್ರ."

ಮಾವ ಹಣೆಯನ್ನು ಆ ತಣ್ಣನೆಯ ಕಲ್ಲಿಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತರು. ಮಗನಿಗಾಗಿ ಅತ್ತರು, ಅದು ಮುಗಿದ ಮೇಲೆ, ಆವತ್ತು ಅಳದೆ ಬಿಟ್ಟಿದ್ದ ಹೆಂಡತಿಗಾಗಿಯೂ ಅವಳ ಹೆಸರು ಹಿಡಿದು ಅತ್ತರು. ನಾನು ಬೇಡ ಎನ್ನಲಿಲ್ಲ. ಊಟ ಆರಿಹೋಗುತ್ತಿತ್ತು, ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆ.