ತೂಬಿಗೆ ಅಡ್ಡ ಕೂತವನು

ನಮ್ಮ ಮುಳಬಾಗಿಲು ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಅದಕ್ಕೇ ಹಿಂದಿನವರು ಇಳಿಜಾರು ಕಂಡಲ್ಲೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಏರಿಯ ಕೆಳಗೆ ಗದ್ದೆ, ಗದ್ದೆಯ ಮಗ್ಗುಲಲ್ಲಿ ಊರು. ಯಾರು ಯಾರಿಗೆ ಬೀಗರಾಗಬೇಕು ಎಂಬುದನ್ನೂ ಕಾಲುವೆಯೇ ತೀರ್ಮಾನಿಸುತ್ತಿತ್ತು. ತೂಬಿನ ಹತ್ತಿರ ಗದ್ದೆಯಿದ್ದವರು ಕೊನೆಗದ್ದೆಯವರ ಜೊತೆ ಸಂಬಂಧ ಬೆಳೆಸಲು ಹಿಂದೆಮುಂದೆ ನೋಡುತ್ತಿದ್ದರು. ನನ್ನ ಸೋದರಮಾವನದು ಕಟ್ಟಕಡೆಯ ಗದ್ದೆ. ಅವನ ಮಗಳ ಮೇಲೆ ನನ್ನ ಕಣ್ಣು.

ಅಪ್ಪ ನಮ್ಮೂರ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಬಿಡಬೇಕೆನ್ನುವುದು ಅವನ ಕೈಯಲ್ಲಿತ್ತು. ಯುದ್ಧದ ಕಾಲದ ಆ ವರ್ಷ ಮಳೆ ಕೈಕೊಟ್ಟು ಕೆರೆ ಅರ್ಧಕ್ಕೇ ನಿಂತಿತ್ತು. ಬತ್ತ ತೆನೆ ಬಿಡುವ ಹೊತ್ತು. ಇದ್ದ ನೀರನ್ನೇ ಕುಯ್ಲಿನವರೆಗೆ ಎಳೆದುಕೊಂಡು ಹೋಗಬೇಕು. ಅಂಥ ಹೊತ್ತಿನಲ್ಲಿ ಅಪ್ಪನ ಕಾಲು ಉಳುಕಿ, ತೂಬು ಎತ್ತುವ ಕೆಲಸ ನನ್ನ ಪಾಲಿಗೆ ಬಂತು.

ತೂಬೆಂದರೆ ಕೆರೆಯೊಳಗೆ ನಿಂತ ಎರಡು ಕಲ್ಲುಕಂಬ. ಅವುಗಳ ನಡುವೆ, ಏರಿಯಾಚೆಯ ಕಾಲುವೆಗೆ ನೀರು ಬಿಡುವ ಬುಡದ ಕಂಡಿಗೆ ಬಿರಡೆಯಂತೆ ಕೂತ ಉದ್ದನೆಯ ಮರದ ಗೂಟ. ಒಂದು ಗೇಣು ಎತ್ತು, ಕೊನೆಗದ್ದೆ ನೆನೆದ ಮೇಲೆ ಇಳಿಸು, ಅಂದಿದ್ದ ಅಪ್ಪ. ನಾನು ಅವನ ರುಮಾಲು ಸುತ್ತಿಕೊಂಡು, ಬಿಸಿಲಲ್ಲೂ ಕಂಬಳಿ ಹೊದ್ದು, ದಿವಾನರ ಗತ್ತಿನಲ್ಲಿ ಕಂಬ ಹತ್ತಿದೆ. ಏರಿಯ ಮೇಲೆ ಮಾವನ ಮಗಳು ಹುಲ್ಲಿನ ಹೊರೆ ಇಳಿಸಿ ನಿಂತಿದ್ದಳು.

"ನೀನು ಎತ್ತಿ, ನೀರು ನಮ್ ಗದ್ದೆಗೆ ಬರೋಷ್ಟರಲ್ಲಿ ನಾನು ಮುದುಕಿ ಆಗಿರ್ತೀನಿ ಬಾವಾ."

ಇಷ್ಟು ಸಾಕಾಯಿತು. ಗೇಣು ಮರೆತು, ಮದ್ದಾನೆಯ ಹಾಗೆ ಗೂಟ ಕಿತ್ತೆ. ಅದರ ತುದಿ ಮುರಿದು ಕಂಡಿಯೊಳಕ್ಕೆ ಹೋಯಿತು. ಉಳಿದ ಗೂಟ ಹಿಡಿದುಕೊಂಡೇ ನಾನು ಕೆರೆಗೆ ಬಿದ್ದೆ. ಏರಿಯಾಚೆ ಕಾಲುವೆ ಭೋರೆಂದಿತು.

ನೀರು ಸೊಂಟದ ಮಟ್ಟಕ್ಕಿತ್ತು. ಕಂಡಿಗೆ ರುಮಾಲು ತುರುಕಿದೆ, ನುಂಗಿತು. ಕಂಬಳಿಯೂ ಹೋಯಿತು. ಕೊನೆಗೆ ಪಂಚೆ ಬಿಚ್ಚಿ ತುರುಕಿದೆ, ಅದೂ ಹೋಯಿತು. ಇನ್ನು ಉಳಿದದ್ದು ನಾನೊಬ್ಬನೇ. ಕಂಡಿಯ ಮೇಲೆ ಕೂತುಬಿಟ್ಟೆ. ನೀರು ಕುತ್ತಿಗೆಗೆ ಬಂತು, ಕಾಲುವೆಯ ಸದ್ದು ಅಡಗಿತು.

ಊರೆಲ್ಲ ಏರಿಯ ಮೇಲೆ ಸೇರಿತು. ಗಾಡಿ ಮಾಡುವ ಸಾಬರು ಹೊಸ ಗೂಟ ಕೆತ್ತಲು ಮರ ಹುಡುಕಿಕೊಂಡು ಓಡಿದರು. ಅಪ್ಪ ಕುಂಟುತ್ತ ಬಂದು ನನ್ನನ್ನು ನೋಡಿದ.

"ಅಲ್ಲೇ ಕೂತಿರು ಲೇ. ನೀನು ಎದ್ರೆ ಊರೇ ಎದ್ದೋಗ್ತದೆ."

ಕೂತೆ. ಕೆರೆಯ ಮೀನೆಲ್ಲ ಬಂಧುಬಳಗ ಸಮೇತ ಬಂದು ನನ್ನ ರುಚಿ ನೋಡಿದವು. ನೀರಿನ ಸೆಳೆತಕ್ಕೆ ನನ್ನ ಕುಂಡಿ ಅಷ್ಟುದ್ದ ಬೆಳೆದು ಶ್ರೀನಿವಾಸಪುರ ತಾಲ್ಲೂಕು ಮುಟ್ಟಿತೆಂದೇ ನನ್ನ ಲೆಕ್ಕ. ಕಾಲು ಮರಗಟ್ಟಿತು, ಹಲ್ಲು ಕಟಕಟಿಸಿದವು. ಆದರೂ ಏಳಬಾರದೆಂದು ಕಲ್ಲುಕಂಬ ತಬ್ಬಿಕೊಂಡೆ. ಹೊತ್ತು ಇಳಿಯುವಾಗ ಗೂಟ ಬಂತು. ನಾಲ್ಕು ಜನ ನನ್ನನ್ನು ಕಿತ್ತು, ಅದೇ ಉಸಿರಿಗೆ ಅದನ್ನು ಜಡಿದರು.

ಬಟ್ಟೆಯಿಲ್ಲದೆ ನೀರಲ್ಲೇ ನಿಂತಿದ್ದಾಗ ಏರಿಯ ಮೇಲಿಂದ ದನಿ ಬಂತು.

"ಬಾವಾ, ನಿನ್ ಪಂಚೆ ನಮ್ ಗದ್ದೆಗೆ ಬಂದೈತೆ. ನೀನು ಯಾವಾಗ ಬರ್ತೀಯ?"

ಜನ ನಕ್ಕರು. ಅಪ್ಪ ನಗಲಿಲ್ಲ. ಕಂಬದ ಮೇಲೆ ನೀರಿನ ಮಟ್ಟ ನೋಡಿ, ಉಳಿದದ್ದು ಕುಯ್ಲಿನವರೆಗೆ ಮಿಕ್ಕ ಗದ್ದೆಗಳಿಗೆ ಸಾಲುತ್ತದೆ, ಕೊನೆಗದ್ದೆಗೆ ಮಾತ್ರ ಇಲ್ಲ ಅಂದ. ಮಾವ ತಲೆ ತಗ್ಗಿಸಿ ಮನೆಗೆ ನಡೆದ. ಅವಳ ನಗು ಅಲ್ಲಿಗೇ ನಿಂತಿತು.

ಆದರೆ ಹರಿದುಹೋದ ನೀರು ಎಲ್ಲಿ ಹೋಗುತ್ತದೆ? ಕೊನೆಗದ್ದೆಯ ಕೆಳಗಿನ ಗುಂಡಿಯಲ್ಲಿ ನಿಂತಿತ್ತು. ಮಾರನೆಯ ಬೆಳಿಗ್ಗೆಯೇ ಗೂಡೆ ಹೊತ್ತು ಅಲ್ಲಿಗೆ ಹೋದೆ. ಗೂಡೆ ಎಂದರೆ ನೀರೆತ್ತುವ ಬುಟ್ಟಿ. ಎರಡು ಕಡೆ ಹಗ್ಗ, ಎರಡು ಕಡೆ ಆಳು. ಒಬ್ಬನಿಂದ ಆಗದ ಕೆಲಸ. ಆಚೆಯ ಹಗ್ಗವನ್ನು ಮಾವನ ಮಗಳು ಹಿಡಿದಳು.

ಮೊದಲ ಬೀಸಿಗೆ ನೀರು ಅವಳ ಮುಖಕ್ಕೆ. ಎರಡನೆಯದಕ್ಕೆ ನಾನೇ ಗುಂಡಿಗೆ.

"ಬಿದ್ರೂ ಪರವಾಗಿಲ್ಲ, ಹಗ್ಗ ಬಿಡಬೇಡ," ಅಂದಳು.

"ಬಿಡಲ್ಲ ಕಣೇ."

ಗುಂಡಿಯ ತಳದ ಕೆಸರು ಕಾಣುವವರೆಗೆ ದಿನಾ ಎತ್ತಿದೆವು. ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಎಲ್ಲರ ಕುಯ್ಲು ಮುಗಿದ ಮೇಲೆ ಕೊನೆಗದ್ದೆ ಮಾಗಿತು. ನೀರು ಬಿಟ್ಟಿದ್ದಕ್ಕೆ ಗದ್ದೆಯವರು ಕೊಡುವ ನೀರುಗಂಟಿಯ ಪಾಲಿನ ಹೊರೆಯನ್ನು ಮಾವ ತಾನೇ ಹೊತ್ತು ತಂದು, ತಗೊಳ್ಳಿ ಬೀಗರೇ ಎಂದು ಅಪ್ಪನೆದುರು ನಮ್ಮ ಜಗಲಿಯ ಮೇಲೆ ಹಾಕಿದ. ಹೊರೆ ಕಟ್ಟಿದ್ದು ನನ್ನ ಪಂಚೆಯಲ್ಲಿ.